ತಪ್ಪು ತಿದ್ದಿಕೊಂಡವರಿಗೆ ದಂಡ ಬೇಡ: ಕಾಸರಗೋಡಿನ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ಸಂಶೋಧನ ಪತ್ರಿಕೆಗಳು ತಾವು ಪ್ರಕಟಿಸಿದ ಲೇಖನಗಳಲ್ಲಿ ತಪ್ಪು ಕಂಡಾಗ ಅವನ್ನು ತಿದ್ದುವ, ತೀರ ಕೆಟ್ಟಿದ್ದರೆ ಹಿಂಪಡೆಯುವ ಕ್ರಮದ ಬಗ್ಗೆ ತಾವು ಲೋಕಸಭೆಯಲ್ಲಿ ಪ್ರಶ್ನೆ ಎತ್ತಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಇದು ಪಂಡಿತರ ಒಳಜಗಳವಲ್ಲ ಎಂಬುದನ್ನು ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಈ ನೆಲದಲ್ಲಿ, ಕಾಯಿಲೆಗೂ ವಿಷಕ್ಕೂ ನಂಟಿದೆಯೇ ಎಂಬ ವಾದವೆಲ್ಲ ಸಂಶೋಧನ ಲೇಖನಗಳನ್ನು ಮುಂದಿಟ್ಟುಕೊಂಡೇ ನಡೆಯಿತು. ಇಲ್ಲಿನ ಪಡ್ರೆ ಗ್ರಾಮದ ಹುಡುಗರನ್ನು ಪರೀಕ್ಷಿಸಿದ ಅಧ್ಯಯನವೊಂದು 2003ರಲ್ಲಿ ಅಮೆರಿಕದ ‘ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್ಪೆಕ್ಟಿವ್ಸ್’ನಲ್ಲಿ ಪ್ರಕಟವಾದಾಗ, ಅದರ ವಿಧಾನವನ್ನು ಪ್ರಶ್ನಿಸಿದ ಪತ್ರಗಳೂ ಲೇಖಕರ ಉತ್ತರವೂ ಮರುವರ್ಷ ಅದೇ ಪತ್ರಿಕೆಯಲ್ಲಿ ಅಚ್ಚಾದವು. ಇಂದಿಗೂ ಯಾರು ಬೇಕಾದರೂ ಎರಡನ್ನೂ ಓದಿ ತೂಗಿ ನೋಡಬಹುದು.

ತಪ್ಪು ಸಾಬೀತಾದಾಗಲೂ ವ್ಯವಹಾರ ಹೀಗೆಯೇ ಬಯಲಿನಲ್ಲಿ ನಡೆಯಬೇಕು. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ, ಕೇವಲ 12 ಮಕ್ಕಳ ಮೇಲೆ ನಿಂತಿದ್ದ 1998ರ ಲೇಖನವನ್ನು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ಹಿಂಪಡೆದದ್ದು 2010ರಲ್ಲಿ. ಅಷ್ಟರೊಳಗೆ ಹೆದರಿದ ಎಷ್ಟೋ ತಂದೆತಾಯಂದಿರು ಮಕ್ಕಳಿಗೆ ಲಸಿಕೆ ತಪ್ಪಿಸಿದ್ದರು. ಅದೇ ಪತ್ರಿಕೆ 2020ರ ಮೇ 22ರಂದು ಪ್ರಕಟಿಸಿದ ಕೋವಿಡ್ ರೋಗಿಗಳಿಗೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧದ ಕುರಿತ ಲೇಖನವನ್ನು, ಮೂಲ ದತ್ತಾಂಶ ಪರಿಶೀಲನೆಗೆ ಸಿಗದ ಕಾರಣ, ಜೂನ್ 4ರಂದೇ ಹಿಂಪಡೆಯಿತು. ವಿಳಂಬದ ಬೆಲೆ ಏನೆಂದು ಈ ಎರಡು ಪ್ರಸಂಗಗಳೇ ಹೇಳುತ್ತವೆ. ಗಮನಿಸಬೇಕಾದ ಮಾತು ಇನ್ನೊಂದಿದೆ: 1998ರ ಆ ಲೇಖನವನ್ನು ಅಳಿಸಿ ಹಾಕಿಲ್ಲ. ಪುಟಪುಟದ ಮೇಲೂ ‘ಹಿಂಪಡೆಯಲಾಗಿದೆ’ ಎಂಬ ಕೆಂಪು ಮೊಹರನ್ನು ಹೊತ್ತು ಅದು ಹಾಗೆಯೇ ಇದೆ.

ನಮ್ಮ ಕಡೆ ನಾನು ಕಂಡದ್ದು ಬೇರೆ. ದೂರು ಬಂದ ಲೇಖನ ಒಂದು ದಿನ ಸದ್ದಿಲ್ಲದೆ ಜಾಲತಾಣದಿಂದ ಮಾಯವಾಗುತ್ತದೆ, ಕಾರಣವಿಲ್ಲ, ದಿನಾಂಕವಿಲ್ಲ. ಅದನ್ನೇ ನೆಚ್ಚಿದ ಪಿಎಚ್.ಡಿ. ಪ್ರಬಂಧ ಮಾತ್ರ ಗ್ರಂಥಾಲಯದ ಕಪಾಟಿನಲ್ಲಿ ಉಳಿಯುತ್ತದೆ. ಹಳೆಯ ಕನ್ನಡ ಪುಸ್ತಕಗಳಲ್ಲಿ ಪುಟ, ಸಾಲು, ತಪ್ಪು, ಒಪ್ಪು ಎಂದು ನಾಲ್ಕು ಕಲಂಗಳ ಒಪ್ಪೋಲೆ ಅಂಟಿಸುತ್ತಿದ್ದ ಪ್ರಕಾಶಕರು ಇದಕ್ಕಿಂತ ಪ್ರಾಮಾಣಿಕರಾಗಿದ್ದರು ಎಂದೇ ನನ್ನ ಭಾವನೆ.

ಇಂಥ ಸ್ಥಿತಿಯಲ್ಲಿ, ಹಿಂಪಡೆದ ಲೇಖನಗಳಿಗಾಗಿ ಸಂಸ್ಥೆಗಳ ಅಂಕ ಕಡಿತಗೊಳಿಸುವ ಕ್ರಮವನ್ನು, ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಶ್ರೇಯಾಂಕ ಕೊಡುವ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ 2025ರಲ್ಲಿ ಜಾರಿಗೆ ತಂದಿದೆ. ಉದ್ದೇಶ ಒಳ್ಳೆಯದೇ. ಆದರೆ ಲೆಕ್ಕದಲ್ಲಾದ ತಪ್ಪನ್ನು ತಾನೇ ಕಂಡು ಪತ್ರಿಕೆಗೆ ತಿಳಿಸಿದ ಸಂಶೋಧಕಿಯನ್ನೂ, ಕದ್ದ ಲೇಖನ ಸಿಕ್ಕಿಬಿದ್ದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ, ಮುಂದೆ ಯಾವ ವಿಭಾಗದ ಮುಖ್ಯಸ್ಥರು ‘ಬಾಯಿ ಬಿಡು’ ಎಂದು ತಮ್ಮ ವಿದ್ಯಾರ್ಥಿಗೆ ಹೇಳಿಯಾರು? ದಂಡ ಬೀಳಬೇಕಾದದ್ದು ಮುಚ್ಚಿಟ್ಟವರಿಗೆ.

ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ತಾನು ಒಪ್ಪಿದ ಸಂಶೋಧನ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟ ಮೇಲೆ ಪತ್ರಿಕೆಗಳ ಯೋಗ್ಯತೆ ಅಳೆಯುವ ಹೊಣೆ ವಿಶ್ವವಿದ್ಯಾಲಯಗಳ ಮೇಲೆಯೇ ಬಿದ್ದಿದೆ. ಆದ್ದರಿಂದ ನೇಮಕಾತಿಗೂ ಬಡ್ತಿಗೂ ಪರಿಗಣಿಸುವ ಪತ್ರಿಕೆ, ಅದು ಕನ್ನಡದ್ದಾಗಲಿ ಮಲಯಾಳದ್ದಾಗಲಿ, ತಿದ್ದುಪಡಿಯನ್ನೂ ಹಿಂತೆಗೆತವನ್ನೂ ಕಾರಣಸಹಿತ ಪ್ರಕಟಿಸುವುದನ್ನು ಕಡ್ಡಾಯಗೊಳಿಸುವಿರಾ, ಪ್ರಾಮಾಣಿಕ ತಪ್ಪಿಗೆ ಅಂಕ ಕಡಿತದಿಂದ ವಿನಾಯಿತಿ ಕೊಡುವಿರಾ ಎಂದು ಕೇಂದ್ರ ಶಿಕ್ಷಣ ಸಚಿವರನ್ನು ಮುಂದಿನ ಅಧಿವೇಶನದಲ್ಲಿ ಕೇಳಬೇಕೆಂದೂ, ಬಂದ ಉತ್ತರವನ್ನು ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಕ್ಷೇತ್ರದ ಎಲ್ಲ ಕಾಲೇಜುಗಳಿಗೂ ತಲುಪಿಸಬೇಕೆಂದೂ ವಿನಂತಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಕಾಸರಗೋಡಿನ ಒಬ್ಬ ಕನ್ನಡ ಅಧ್ಯಾಪಕ