ಲೈಬ್ರರಿಯ ಆ ಮೇಡಂಗೆ ಧನ್ಯವಾದ

ಅರ್ಥಶಾಸ್ತ್ರ ತಲೆಗೆ ಹತ್ತದೆ ಪುಸ್ತಕ ಮುಚ್ಚಿಟ್ಟಾಗ, ಎದುರು ಕೂತಿದ್ದ ನೀವು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಕಥೆ ಹೇಳಿದಿರಿ. ಹೆಸರು ಕೇಳುವಷ್ಟರಲ್ಲಿ ಹೊರಟೇಬಿಟ್ಟಿರಿ. ತುಂಬಾ ಥ್ಯಾಂಕ್ಸ್ ಮೇಡಂ.

1933ರಲ್ಲಿ ಶಾಂತಿನಿಕೇತನದಲ್ಲಿ ಹುಟ್ಟಿದ ಹುಡುಗ. ಅಪ್ಪ ಪಾಠ ಹೇಳಲು ಹೋದದ್ದರಿಂದ ಬಾಲ್ಯದ ಮೊದಲ ನೆನಪುಗಳೆಲ್ಲ ಬರ್ಮಾದ ಮಂಡಲೆಯವು. ಊರಿಗೆ ಮರಳಿದ ಮೇಲೆ, 1943ರಲ್ಲಿ, ಬಂಗಾಳದ ಭೀಕರ ಕ್ಷಾಮ. ಬಾಗಿಲಿಗೆ ಬಂದ ಹಸಿದವರಿಗೆ ಸಿಗರೇಟು ಡಬ್ಬದಲ್ಲಿ ಅಕ್ಕಿ ಅಳೆದು ಕೊಡಲು ಅಜ್ಜ ಒಪ್ಪಿದ್ದರು. ಸಂಸಾರಕ್ಕೊಂದೇ ಡಬ್ಬ! ಎಷ್ಟು ಸಂಕಟ ಆಗಿರಬೇಕು ಆ ಮಗುವಿಗೆ, ಅಲ್ವಾ?

ಅಕ್ಕಿ ಇತ್ತು, ಆದರೆ ಬೆಲೆ ಏರಿದ ವೇಗಕ್ಕೆ ಕೂಲಿ ಏರಲಿಲ್ಲ, ಅದಕ್ಕೇ ಬಡವರು ಸತ್ತರು ಎಂದು ಮುಂದೆ ಅವರೇ ಲೆಕ್ಕ ಹಾಕಿ ತೋರಿಸಿದರು. 1998ರಲ್ಲಿ ನೊಬೆಲ್ ಬಂತು.

ಬೆಲೆ, ಕೂಲಿಯ ಪಟ್ಟಿಗಳಲ್ಲಿ ನನಗೀಗ ಜನ ಕಾಣುತ್ತಾರೆ. ಈ ವರ್ಷ ಎಂ.ಎ.ಗೆ ಸೇರಿದ್ದೇನೆ ಮೇಡಂ.