ಬೆಂಕಿ ರೋಗ: ಕೇಳದೇ ಉಳಿದ ಪ್ರಶ್ನೆ

ಮಾನ್ಯ ಸಂಪಾದಕರೇ,

ಬೆಂಕಿ ರೋಗ ತಡೆಯುವ ಹೊಸ ಭತ್ತದ ತಳಿಯ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಎರಡು ನಿರೋಧಕ ಜೀನ್‌ಗಳನ್ನು ಒಂದೇ ತಳಿಗೆ ಸೇರಿಸಿದ್ದಾರಂತೆ. ರೋಗ ಒಂದನ್ನು ಮುರಿದರೂ ಇನ್ನೊಂದು ಕಾಯುತ್ತದೆ ಎಂಬ ಲೆಕ್ಕ. ಒಳ್ಳೆಯದೇ. ಆದರೆ ಈ ರೋಗ ತರುವ ಶಿಲೀಂಧ್ರ ಹೇಗೆ ಸಂತಾನ ಬೆಳೆಸುತ್ತದೆ ಎಂಬುದರ ಮೇಲೆ ಈ ಲೆಕ್ಕ ನಿಂತಿದೆ. ಅದರ ಬಗ್ಗೆ ವರದಿಯಲ್ಲಿ ಒಂದು ಸಾಲೂ ಇರಲಿಲ್ಲ.

ಗದ್ದೆಯಲ್ಲಿ ನಮಗೆ ಕಾಣುವುದು ಎಲೆ ಮೇಲಿನ, ಎರಡೂ ತುದಿ ಚೂಪಾದ ಕಣ್ಣಿನಾಕಾರದ ಚುಕ್ಕೆ. ನಡುವೆ ಬೂದಿ ಬಣ್ಣ, ಸುತ್ತ ಕಂದು ಅಂಚು. ಅಲ್ಲಿಂದ ಗಾಳಿಗೆ ಹಾರುವ ಬೀಜಕಗಳೆಲ್ಲ, ಅಂದರೆ ಶಿಲೀಂಧ್ರದ ಬೀಜದಂಥ ಕಣಗಳೆಲ್ಲ, ತಾಯಿಯ ಪಡಿಯಚ್ಚು. ರೋಗ ಬರೀ ಹೀಗೇ ಹಬ್ಬಿದರೆ ತಳಿಯ ಎರಡೂ ಜೀನ್ ಮುರಿಯಲು ಶಿಲೀಂಧ್ರದ ಒಂದೇ ವಂಶದಲ್ಲಿ ಎರಡು ಬದಲಾವಣೆ ಆಗಬೇಕು. ಅದಕ್ಕೆ ಕಾಲ ಹಿಡಿಯುತ್ತದೆ. ಆದರೆ ಈ ಶಿಲೀಂಧ್ರದಲ್ಲಿ ಪರಸ್ಪರ ಕೂಡಬಲ್ಲ ಎರಡು ಬಗೆಗಳಿವೆ. ಎರಡೂ ಒಂದೇ ಕಡೆ ಇದ್ದು, ಒಂದಕ್ಕಾದರೂ ಹೆಣ್ಣಾಗುವ ಶಕ್ತಿ ಉಳಿದಿದ್ದರೆ ಅವುಗಳ ಜೀನ್‌ಗಳು ಇಸ್ಪೀಟ್ ಎಲೆ ಕಲೆಸಿದಂತೆ ಬೆರೆಯುತ್ತವೆ. ಒಂದು ಜೀನ್ ಮುರಿದದ್ದೂ ಇನ್ನೊಂದನ್ನು ಮುರಿದದ್ದೂ ಕೂಡಿದರೆ, ಎರಡನ್ನೂ ಮುರಿಯುವ ಸಂತಾನ ಒಂದೇ ಸಲಕ್ಕೆ ಹುಟ್ಟಬಹುದು, ಅಲ್ವಾ?

ಭತ್ತ ಬೆಳೆಯುವ ಹೆಚ್ಚಿನ ಕಡೆ ಹೀಗಾಗುವುದಿಲ್ಲ. ಒಂದೇ ಬಗೆ ಇರುತ್ತದೆ, ಇಲ್ಲವೇ ಹೆಣ್ಣಾಗುವ ಶಕ್ತಿ ಹೋಗಿರುತ್ತದೆ. ಆದರೆ ನಮ್ಮದೇ ಹಿಮಾಲಯದ ಸೀಮೆಯ ಗದ್ದೆಗಳಲ್ಲಿ ಬೆರಕೆಯ ಗುರುತು ಸಿಕ್ಕಿದೆ ಎಂಬ ಅಧ್ಯಯನ 1999ರಲ್ಲೇ ಬಂತು. 2012ರಲ್ಲಿ ಚೀನಾದ ಯುನ್ನಾನ್‌ನಿಂದಲೂ ಅದೇ ಸುದ್ದಿ. ಗದ್ದೆಯಲ್ಲಿ ಇವು ಕೂಡಿದ್ದನ್ನು ಕಣ್ಣಾರೆ ಕಂಡವರಿಲ್ಲ. ಡಿಎನ್‌ಎ ನೋಡಿಯೇ ಹೇಳುವುದು.

ರಾಗಿ ಬೆಳೆಯುವವರೂ ಇದನ್ನು ಗಮನಿಸಬೇಕು. ಇದೇ ಶಿಲೀಂಧ್ರದ ಬೇರೆ ವಂಶಗಳು ರಾಗಿ, ಗೋಧಿಗೂ ಬೆಂಕಿ ರೋಗ ತರುತ್ತವೆ. 2016ರಲ್ಲಿ ಬಾಂಗ್ಲಾದೇಶದ ಗೋಧಿ ಸುಟ್ಟ ಬೆಂಕಿ ರೋಗ ದಕ್ಷಿಣ ಅಮೆರಿಕ ಮೂಲದ ಒಂದೇ ವಂಶದ್ದು. ಅದು ಜಾಂಬಿಯಾಕ್ಕೂ ಹೋಗಿದೆ. ಆ ವಂಶ ಆಫ್ರಿಕಾದ ರಾಗಿಯ ಶಿಲೀಂಧ್ರದ ಜೊತೆ ಲ್ಯಾಬಿನಲ್ಲಿ ಕೂಡಿತು ಎಂದು 2023ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು.

ಪೊನ್ನಂಪೇಟೆಯಂಥ ರೋಗ ಜಾಸ್ತಿ ಇರುವ ಕಡೆ ತಳಿಗಳ ಪರೀಕ್ಷೆ ಹೇಗೂ ನಡೆಯುತ್ತದೆ. ಅಲ್ಲಿನ ಎಲೆಗಳಲ್ಲಿ ಎರಡೂ ಬಗೆ ಇವೆಯೇ, ಹೆಣ್ಣಾಗುವ ಶಕ್ತಿ ಉಳಿದಿದೆಯೇ ಎಂದು ನೋಡಿ ರೈತರಿಗೂ ತಿಳಿಸಲಿ. ತಳಿ ಕೈಕೊಟ್ಟಾಗ ಔಷಧಿ ಸರಿಯಾಗಿ ಹೊಡೆದಿಲ್ಲ ಅಂತ ಸುಮ್ನೆ ನಮ್ಮನ್ನೇ ದೂರುವುದು ಆಮೇಲೆ. ಮುಂದಿನ ಸಲ ತಳಿ ಬಿಡುಗಡೆಗೆ ಹೋದ ನಿಮ್ಮ ವರದಿಗಾರರು ಎಕರೆಗೆ ಎಷ್ಟು ಚೀಲ ಎನ್ನುವುದರ ಜೊತೆ ಇದನ್ನೂ ಕೇಳಲಿ.

– ಭತ್ತ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು