ಭಾನುವಾರ ಹಳಿಯ ಮೇಲಿರುವವರು

ಮಾನ್ಯ ಸಂಪಾದಕರೇ,

ಶನಿವಾರ ಪತ್ರಿಕೆಯಲ್ಲಿ ಮೆಗಾಬ್ಲಾಕ್, ಅಂದರೆ ಹಳಿ ದುರಸ್ತಿಗೆಂದು ಕೆಲವು ಮಾರ್ಗಗಳಲ್ಲಿ ಲೋಕಲ್ ರೈಲು ನಿಲ್ಲಿಸುವ ಹೊತ್ತಿನ ವಿವರ ಬಂದ ಕೂಡಲೇ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಗೊಣಗಾಟ ಶುರುವಾಗುತ್ತದೆ. ಮಾಟುಂಗಾದಲ್ಲಿ ಕಾರ್ಯಕ್ರಮ, ಡೊಂಬಿವಲಿಯಲ್ಲಿ ನಾಮಕರಣ, ಎಲ್ಲವೂ ಭಾನುವಾರವೇ. ಗೊಣಗುವುದು ತಪ್ಪಲ್ಲ. ಆದರೆ ಆ ನಾಲ್ಕೈದು ಗಂಟೆ ಹಳಿಯ ಮೇಲೆ ಏನು ನಡೆಯುತ್ತದೆ ಎಂಬುದು ಓದುಗರಿಗೆ ತಿಳಿದಿರಲಿ ಎಂದು ಈ ಪತ್ರ. ಅಲ್ಲಿ ನಡು ಬಗ್ಗಿಸಿ ದುಡಿಯುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ನಮ್ಮವರೂ ಇದ್ದಾರೆ. ಕಾಗದದಲ್ಲಿ ಅವರ ಹುದ್ದೆ ಈಗ ಟ್ರ್ಯಾಕ್ ಮೇಂಟೇನರ್, ಬಾಯಲ್ಲಿ ಇನ್ನೂ ಗ್ಯಾಂಗ್‌ಮನ್. ಮೂವತ್ತು ವರ್ಷ ಸೇವೆ ಮಾಡಿದವರ ಎಷ್ಟೋ ಭಾನುವಾರಗಳು ಹಳಿಯ ಮೇಲೇ ಕಳೆದಿರುತ್ತವೆ. ವಾರದ ರಜೆ ಸಿಗುವುದು ಮಕ್ಕಳು ಶಾಲೆಯಲ್ಲಿರುವ ದಿನ.

ಗ್ಯಾಂಗಿನಲ್ಲಿ ಕೀಮನ್ ಎಂಬವರು ತಮಗೆ ಹಂಚಿಕೊಟ್ಟ ದೂರವನ್ನು ದಿನವೂ ಕಾಲ್ನಡಿಗೆಯಲ್ಲಿ ನೋಡಬೇಕು. ಹೋಗುವಾಗ ಒಂದು ಹಳಿ, ಬರುವಾಗ ಇನ್ನೊಂದು. ಹಳಿಯ ಅಡಿಗೆ ಅಡ್ಡಲಾಗಿರುವ ದಿಮ್ಮಿ ಸ್ಲೀಪರ್, ಹಳಿಯನ್ನು ಅದಕ್ಕೆ ಬಿಗಿದು ಹಿಡಿಯುವುದು ಕ್ಲಿಪ್. ಒಂದು ಕಿಲೋಮೀಟರಿಗೆ 1,660 ಸ್ಲೀಪರ್ ಹಾಕಿದ ಕಡೆ, ಪ್ರತಿ ಸ್ಲೀಪರಿಗೆ ನಾಲ್ಕರಂತೆ 6,640 ಕ್ಲಿಪ್‌ಗಳಿರುತ್ತವೆ. ಕೀಮನ್ ನೋಡುವ ದೂರ ಆರು ಕಿಲೋಮೀಟರಾದರೆ ಸುಮಾರು ನಲವತ್ತು ಸಾವಿರ, ಅದೂ ಒಂದೇ ಮಾರ್ಗಕ್ಕೆ. ಸುತ್ತಿಗೆಯಿಂದ ತಟ್ಟಿದಾಗ ಬರುವ ಸದ್ದಿನಲ್ಲೇ ಪಳಗಿದ ಕಿವಿ ಸಡಿಲ ಕ್ಲಿಪ್ಪನ್ನು ಗುರುತಿಸುತ್ತದೆ. ಪೂರ್ತಿ ಒಳಹೋಗದ ಕ್ಲಿಪ್ಪಿಗೆ ಹಿಡಿತವಿಲ್ಲ, ಅತಿಯಾಗಿ ಬಡಿದು ಕೂರಿಸಿದರೂ ಹಿಡಿತ ಹೋಗುತ್ತದೆ. ಕಡಲ ಗಾಳಿಗೆ ತುಕ್ಕು ಬೇಗ ಹತ್ತುವುದರಿಂದ ವರ್ಷಕ್ಕೊಮ್ಮೆ ಕ್ಲಿಪ್ ಬಿಚ್ಚಿ, ಉಜ್ಜಿ, ಗ್ರಾಫೈಟ್ ಗ್ರೀಸ್ ಹಚ್ಚಬೇಕು. ಇದು ತಪ್ಪಿದರೆ ಕ್ಲಿಪ್ ಜಾಮ್ ಆಗಿ, ತುರ್ತಿನ ಸಮಯದಲ್ಲಿ ಎಷ್ಟು ಬಡಿದರೂ ಕದಲುವುದಿಲ್ಲ.

ಇಷ್ಟು ಕ್ಲಿಪ್ ಏಕೆ ಬೇಕು? ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ. ಒಂದು ಕಿಲೋಮೀಟರ್ ಹಳಿಯನ್ನು ಬಿಡಿಯಾಗಿಟ್ಟರೆ, ಶಾಖ 10 ಡಿಗ್ರಿ ಸೆಲ್ಸಿಯಸ್ ಏರಿದಾಗ ಅದು ಸುಮಾರು ಹನ್ನೊಂದೂವರೆ ಸೆಂಟಿಮೀಟರ್ ಉದ್ದವಾಗುತ್ತದೆ. ಈಗಿನ ಹಳಿಗಳನ್ನು ಉದ್ದಕ್ಕೂ ಬೆಸೆದಿರುವುದರಿಂದ ಹಿಗ್ಗಲು ಜಾಗವೇ ಇಲ್ಲ. ಆ ಒತ್ತಡವನ್ನೆಲ್ಲ ಕ್ಲಿಪ್, ಸ್ಲೀಪರ್, ಜಲ್ಲಿ ಸೇರಿ ತಡೆದು ಹಿಡಿಯಬೇಕು. ಸ್ಲೀಪರಿನ ತುದಿಯಲ್ಲಿ ಜಲ್ಲಿ ಕಡಿಮೆಯಾದರೆ ಏಪ್ರಿಲ್-ಮೇ ಮಧ್ಯಾಹ್ನ ಹಳಿ ಹಾವಿನಂತೆ ಪಕ್ಕಕ್ಕೆ ಬಾಗುತ್ತದೆ. ಚಳಿಯಲ್ಲಿ ಇದಕ್ಕೆ ತದ್ವಿರುದ್ಧ: ಹಳಿ ಕುಗ್ಗಲು ಎಳೆಯುತ್ತದೆ, ದುರ್ಬಲ ಬೆಸುಗೆ ಬಿರಿಯುತ್ತದೆ. ಕರ್ಜತ್-ಲೋಣಾವಳಾ ನಡುವಿನ ಭೋರ್ ಘಾಟಿನಲ್ಲಿ, 37 ಅಡಿಗೆ ಒಂದಡಿ ಏರುವ ಕಡಿದಾದ ಹಾದಿಯಲ್ಲಿ, ನಸುಕಿಗೆ ಮುಂಚೆ ಟಾರ್ಚ್ ಹಿಡಿದು ನಡೆಯುವುದು ಈ ಬಿರುಕು ಹುಡುಕಲೆಂದೇ. ಬಿರುಕು ಕಂಡರೆ ಮೊದಲು ರೈಲು ನಿಲ್ಲಿಸಬೇಕು. ಬಿರುಕಿನಿಂದ 600 ಮೀಟರಿಗೆ ಒಂದು ಪಟಾಕಿ, ಅಂದರೆ ಗಾಲಿ ಹತ್ತಿದಾಗ ಸಿಡಿದು ಚಾಲಕರನ್ನು ಎಚ್ಚರಿಸುವ ಡಿಟೊನೇಟರ್, 1,200 ಮೀಟರಿಗೆ ಹತ್ತು ಮೀಟರ್ ಅಂತರದಲ್ಲಿ ಮೂರು. ಕೆಂಪು ಬಾವುಟ, ರಾತ್ರಿಯಾದರೆ ಕೆಂಪು ದೀಪ. ಬಿರುಕಿಗೆ ಕ್ಲ್ಯಾಂಪ್ ಬಿಗಿಯುವುದು ಆಮೇಲಿನ ಕೆಲಸ.

ಇನ್ನು ಬ್ಲಾಕಿನ ಮಾತು. 60 ಕೆ.ಜಿ. ಹಳಿ ಎಂದರೆ ಒಂದು ಮೀಟರಿನ ತೂಕ 60 ಕೆ.ಜಿ. ಹದಿಮೂರು ಮೀಟರಿನ ತುಂಡು ಸುಮಾರು 780 ಕೆ.ಜಿ. ಹಳೆಯದನ್ನು ಕತ್ತರಿಸಿ ತೆಗೆದು, ರಬ್ಬರ್ ಪ್ಯಾಡ್, ಲೈನರ್ ಬದಲಿಸಿ, ಹೊಸದನ್ನು ಕೂರಿಸಿ ಬೆಸೆಯಬೇಕು. ಬೆಸುಗೆಗೆ ಎರಡು ತುದಿಗಳ ನಡುವೆ 25 ಮಿಲಿಮೀಟರ್ ಸಂದು ಬಿಡುತ್ತಾರೆ. ಅಚ್ಚು ಕಟ್ಟಿ, ತುದಿಗಳನ್ನು ಕಾಯಿಸಿ, 2,000 ಡಿಗ್ರಿಗೂ ಹೆಚ್ಚು ಶಾಖದ ಕರಗಿದ ಉಕ್ಕನ್ನು ಸುರಿಯುತ್ತಾರೆ. ಅಚ್ಚಿನಲ್ಲಿ ಹನಿ ನೀರಿದ್ದರೂ ಅದು ಸಿಡಿಯಬಹುದು, ಒಳಗೆ ಗುಳ್ಳೆ ಉಳಿದು ಮುಂದೆ ಅಲ್ಲೇ ಮುರಿಯಬಹುದು. ಸುರಿದ ಮೇಲೆ ಅರ್ಧ ಗಂಟೆ ಅದರ ಮೇಲೆ ರೈಲು ಬಿಡುವಂತಿಲ್ಲ. “ಕೆಲಸ ಮುಗಿದಂತೆ ಕಾಣುತ್ತದೆ, ಇನ್ನೂ ಯಾಕೆ ನಿಲ್ಲಿಸಿದ್ದಾರೆ” ಎಂದು ಕಿಟಕಿಯಿಂದ ಕೇಳುವವರಿಗೆ ಉತ್ತರ ಇದು. ಸೋಮವಾರ ಅದೇ ಜಾಗದಲ್ಲಿ ಲೋಕಲ್ ನಿಧಾನವಾಗಿ ಸಾಗಿದರೆ, ಕೆದಕಿದ ಜಲ್ಲಿ ಇನ್ನೂ ಗಟ್ಟಿಯಾಗಿ ಕೂತಿಲ್ಲವೆಂದು ತಿಳಿಯಬೇಕು.

ಜೀವಕ್ಕೆ ಎರವಾಗುವುದು ಹೆಚ್ಚಾಗಿ ಪಕ್ಕದ ಹಳಿ. ಕುರ್ಲಾ-ಠಾಣೆಯಂಥ ಕಡೆ ಒಂದರ ಪಕ್ಕ ಒಂದು ಮಾರ್ಗ. ಒಂದರಲ್ಲಿ ರೈಲು ಬಂತೆಂದು ಸರಿದು ನಿಂತದ್ದು ಇನ್ನೊಂದರ ಮೇಲಾಗಿರುತ್ತದೆ. ಮೊದಲ ರೈಲಿನ ಗದ್ದಲದಲ್ಲಿ ಎರಡನೆಯದರ ಹಾರ್ನ್ ಕೇಳುವುದಿಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದ ರೈಲಿಗೆ 600 ಮೀಟರ್ ದಾಟಲು ಇಪ್ಪತ್ತೆರಡು ಸೆಕೆಂಡು ಸಾಕು. ಅಷ್ಟರಲ್ಲಿ ಸಲಕರಣೆ ಎತ್ತಿಕೊಂಡು ಎಲ್ಲರೂ ಹೊರಬರಬೇಕು. ಆದ್ದರಿಂದ ಸೀಟಿ ಹಿಡಿದು ಕಾಯುವ ಲುಕ್‌ಔಟ್ ವ್ಯಕ್ತಿಯ ಕೈಗೆ ಬೇರೆ ಯಾವ ಕೆಲಸವನ್ನೂ ಕೊಡಬಾರದು. ಜನ ಕಡಿಮೆಯಿದ್ದಾರೆಂದು ಅವರ ಕೈಗೂ ಸಲಿಕೆ ಕೊಟ್ಟರೆ ಕಾವಲು ಹೋದಂತೆಯೇ. ರೈಲು ಬರುವುದನ್ನು ಮುಂಚೆಯೇ ತಿಳಿಸುವ ‘ರಕ್ಷಕ’ ಉಪಕರಣ ಕೆಲವು ವಿಭಾಗಗಳಿಗೆ ಬಂದಿದೆ. ಅದು ಪ್ರತಿ ಗ್ಯಾಂಗಿಗೂ ಸಿಗಬೇಕು. ತಿಂಗಳಿಗೆ 2,700 ರೂಪಾಯಿ ಎಂದು ಆರಂಭವಾದ ಅಪಾಯ ಭತ್ಯೆ ಇದಕ್ಕೆ ಬದಲಿಯಾಗಲಾರದು.

ಪ್ರಯಾಣಿಕರಿಗೂ ಒಂದು ಮಾತು. ಲೋಕಲ್ಲಿನಿಂದ, ಹಳಿ ಪಕ್ಕದ ಮನೆಗಳಿಂದ ಎಸೆದ ಪ್ಲಾಸ್ಟಿಕ್, ಹಳಸಿದ ಅನ್ನ ಎಲ್ಲ ಜಲ್ಲಿಯ ಸಂದಿಗೆ ಇಳಿದು ಕೊಳೆಯುತ್ತದೆ. ನೀರು ಬಸಿಯದೆ ಜಲ್ಲಿ ಕೆಸರಾದರೆ ಸ್ಲೀಪರ್ ಪ್ರತಿ ಗಾಲಿಗೂ ಕುಸಿದು ಏಳುತ್ತದೆ. ಮಳೆಗಾಲದಲ್ಲಿ ಅದೇ ಕಸ ಮೋರಿ ಕಟ್ಟಿ, ರೈಲಿನ ಹಳಿ ಬದಲಿಸುವ ಪಾಯಿಂಟ್ ಮೋಟಾರಿಗೆ ನೀರು ನುಗ್ಗಿಸುತ್ತದೆ. ಆ ಕೊಳೆಯನ್ನು ತೋಡಿ ಚೀಲಕ್ಕೆ ತುಂಬುವುದು ಮನುಷ್ಯರ ಕೈ. ಶೇಂಗಾ ಚಟ್ನಿ, ರೊಟ್ಟಿಯ ಬುತ್ತಿ ಬಿಚ್ಚುವ ಮೊದಲು ಕೈ ತೊಳೆಯಲು ನೀರಿಲ್ಲದ ಜಾಗಗಳಿವೆ. ಕೆಲಸದ ಸ್ಥಳದಲ್ಲಿ ನೀರು, ನೆರಳು, ಮಹಿಳಾ ಗ್ಯಾಂಗ್ ಸದಸ್ಯರಿಗೆ ಶೌಚಾಲಯ, ಇವು ದೊಡ್ಡ ಬೇಡಿಕೆಗಳೇನಲ್ಲ.

ಕೊನೆಯದಾಗಿ ನಮ್ಮ ಕನ್ನಡ ಸಂಘಗಳಿಗೆ ಒಂದು ಕೆಲಸ. ಅರುವತ್ತಕ್ಕೆ ನಿವೃತ್ತಿ. ಆಗ ತೊಂದರೆ ಕೊಡುವುದು ಹೆಸರು. ನಮ್ಮಲ್ಲಿ ಊರೋ ಮನೆತನವೋ ಅಡ್ಡಹೆಸರು. ಇಲ್ಲಿನ ದಾಖಲೆಯಲ್ಲಿ ತಂದೆಯ ಹೆಸರು ನಡುವೆ ಬರುತ್ತದೆ. ಸರ್ವಿಸ್ ಬುಕ್‌ನಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಪ್ಯಾನ್‌ನಲ್ಲಿ ಮತ್ತೊಂದು. ಹೆಂಡತಿಯ ಹೆಸರು ತವರಿನಲ್ಲಿ ಒಂದು, ಮದುವೆಯಲ್ಲಿ ಇಟ್ಟದ್ದು ಇನ್ನೊಂದು. ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಹೋದ ಹೆಣ್ಣುಮಗಳು ತಾನೇ ಆ ಹೆಂಡತಿ ಎಂದು ಸಾಬೀತು ಮಾಡಲು ಅಲೆಯಬೇಕಾಗುತ್ತದೆ. ಇದನ್ನೆಲ್ಲ ಸೇವೆಯಲ್ಲಿರುವಾಗಲೇ ಸರಿಪಡಿಸಿಕೊಳ್ಳಬೇಕು: ಹೆಸರು, ಹುಟ್ಟಿದ ದಿನಾಂಕ, ನಾಮಿನಿ, ಕುಟುಂಬ ಸದಸ್ಯರ ಪಟ್ಟಿ, ಗಂಡ-ಹೆಂಡತಿಯ ಜಂಟಿ ಖಾತೆ. 2004ರ ಜನವರಿ 1ರಂದು ಅಥವಾ ಆಮೇಲೆ ಸೇರಿದವರು ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ನಾಮಿನಿಯನ್ನು ಬೇರೆಯಾಗಿ ನೋಡಿಕೊಳ್ಳಬೇಕು. ಮದುವೆಗೆ ಮುಂಚೆ ತಾಯಿಯ ಹೆಸರು ಬರೆಸಿ ಆಮೇಲೆ ಬದಲಿಸದೇ ಬಿಟ್ಟವರು ಉಂಟು.

ಅರ್ಜಿ ತುಂಬಲು ಗೊತ್ತಿರುವ ಇಬ್ಬರು, ಕಲ್ಯಾಣದಲ್ಲೋ ಕುರ್ಲಾದಲ್ಲೋ ತಿಂಗಳಿಗೆ ಒಂದು ಸಂಜೆ ಕುಳಿತರೆ ಸಾಕು. ಕನ್ನಡದಲ್ಲಿ ಕೇಳಿ, ಬೇಕಾದ ಭಾಷೆಯಲ್ಲಿ ಬರೆದುಕೊಡಬಹುದು. ಆ ದಿನ ಭಾನುವಾರ ಮಾತ್ರ ಬೇಡ, ಅಂದು ಅವರಿಗೆ ಬರಲಾಗುವುದಿಲ್ಲ.

ಇಂತಿ,
ಹಳಿ ನಿರ್ವಹಣೆ ವಿಭಾಗದ ನಿವೃತ್ತ ಕನ್ನಡಿಗ ನೌಕರರು,
ಕಲ್ಯಾಣ